ಅಂಟುವಾಳದ ನೊರೆ

ಹೆಬ್ಬಾಳ, ೨೧ ಆಗಸ್ಟ್ ೧೯೬೪, ಶುಕ್ರವಾರ

ಲಕ್ಕಮ್ಮನ ಕೈಯಲ್ಲಿದ್ದ ನೊರೆ ಕಣ್ಣಿನಿಂದ ಹೋಗುತ್ತಿಲ್ಲ.

ಪಕ್ಕದ ರಾಗಿ ಹೊಲದ ಕಳೆಗೆ ಹೊಡೆದ ಹಾರ್ಮೋನ್ ಔಷಧಿ ನಿನ್ನೆ ಗಾಳಿಗೆ ತೇಲಿ ಹುಣಸಮಾರನಹಳ್ಳಿಯ ಅವರ ದ್ರಾಕ್ಷಿ ಚಪ್ಪರದ ಮೇಲೆ ಕೂತಿದೆ. ಎಳೆ ಕುಡಿಗಳು ಆಗಲೇ ತಿರುಚಿಕೊಂಡಿದ್ದವು. ಬೆಳಿಗ್ಗೆ ನಾನು ದೊಡ್ಡ ವಿಜ್ಞಾನಿಯಂತೆ ಪಾಠ ಹೇಳಿ ಬಂದೆ: "ಇದು ಬರೀ ನೀರಿಗೆ ಹೋಗಲ್ಲಮ್ಮ. ಎಲೆಯ ಒಂದೊಂದು ಜೀವಕಣಕ್ಕೂ ಜಿಡ್ಡಿನ ಪೊರೆ ಇರುತ್ತೆ. ಔಷಧಿ ಆ ಜಿಡ್ಡಲ್ಲಿ ಕರಗಿ ಒಳಕ್ಕಿಳಿಯುತ್ತೆ."

ಸಂಜೆ ಮತ್ತೆ ಹೋದರೆ ಆಕೆ ಅಂಟುವಾಳದ ನೀರಿನಲ್ಲಿ ಎಲೆಗಳನ್ನು ಒಂದೊಂದಾಗಿ ತೊಳೆಯುತ್ತಿದ್ದರು, ಎಣ್ಣೆ ದೀಪ ತಿಕ್ಕುವಂತೆ. ಜಿಡ್ಡು ಎಂದರೆ ಯಾರಿಗಾದರೂ ಅಂಟುವಾಳವೇ ತೋಚುತ್ತದೆ. ಆಕೆಗೂ ತೋಚೀತೆಂದು ಬೆಳಿಗ್ಗೆ ನನಗೆ ಹೊಳೆಯಲಿಲ್ಲ. ಆದರೆ ಆ ನೊರೆ ಎಲೆಯ ಮೇಣ ಬಿಡಿಸಿ, ಪೊರೆಯ ಜಿಡ್ಡನ್ನೂ ಸಡಿಲಿಸಿ, ಉಳಿದ ವಿಷವನ್ನು ಒಳಕ್ಕೆ ದಾಟಿಸುತ್ತದೆ. ಔಷಧಿ ಬೇಗ ಇಳಿಯಲೆಂದು ಕೃಷಿ ಕಾಲೇಜಿನ ಲ್ಯಾಬಿನಲ್ಲಿ ನಾವೇ ಅದಕ್ಕೆ ಸೋಪು ಬೆರೆಸುತ್ತೇವೆ.

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕೊನೆಯ ಸಾಲೂ ಮುಗಿದಿತ್ತು.

"ಜಿಡ್ಡೆಲ್ಲ ಓಯ್ತಾ ಸ್ವಾಮಿ?" ಎಂದು ಕೇಳಿದರು.

ಹೋಯಿತು ಎಂದೆ. ಎಲ್ಲಿಗೆ ಎಂದು ಅವರು ಕೇಳಲಿಲ್ಲ.