ತಾಳದ ಮೊಳೆ

ಗೋಕುಲ ರಸ್ತೆ, ಹುಬ್ಬಳ್ಳಿ
೨೦ ಆಗಸ್ಟ್ ೨೦೨೫

ಶ್ರೀಮತ್ ಸಕಲಗುಣಸಂಪನ್ನೆ, ಧಾರವಾಡದ ಭಜನಾ ಮಂಡಳದ ಏಕಚ್ಛತ್ರಾಧಿಪತಿ, ಒಗ್ಗರಣೆ ಅವಲಕ್ಕಿಯ ಮಹಾಸಾಮ್ರಾಜ್ಞಿ, ಮೊಮ್ಮಗನ ಕಾಗುಣಿತದೋಷ ಸಂಹಾರಿಣಿ ತೀರ್ಥಸ್ವರೂಪ ಮಂದಾಕಿನಿ ಅಜ್ಜಿಯವರ ಪಾದಾರವಿಂದಗಳಿಗೆ ಕೇದಾರನ ದೀರ್ಘದಂಡ ನಮಸ್ಕಾರಗಳು.

ಇತ್ತ ಕ್ಷೇಮ. ವಾರಕ್ಕೊಂದು ಕಾಗದ ಬರೆಯುತ್ತೇನೆಂದು ದೇವರ ಮುಂದೆ ಆಣೆ ಮಾಡಿದವನು ಶ್ರಾವಣವಿಡೀ ಸುಮ್ಮನೆ ಕೂತದ್ದಕ್ಕೆ ಕ್ಷಮೆ ಇರಲಿ. ಕಾರಣ ಕೇಳಿದರೆ ತಾವು ಮತ್ತೊಮ್ಮೆ ಸ್ನಾನ ಮಾಡಬೇಕಾದೀತು. ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ನಾನೂ ಗೆಳೆಯ ಅರಫಾತನೂ ಕುರಿಯ ಎಲುಬು ಮುರಿಯುತ್ತಿದ್ದೇವೆ. ಯಂತ್ರದಲ್ಲಿಟ್ಟು ಒತ್ತುವುದು, ಎಷ್ಟು ಭಾರಕ್ಕೆ ಕುಸಿಯುತ್ತದೆಂದು ನೋಡುವುದು, ಅಷ್ಟೇ.

ಮೊದಲ ಸಲ ಎಲುಬು ಒದಗಿಸಿದವರು ಅರಫಾತನ ಅಜ್ಜಿ ಮಾಬೂಬಿ. ಅವು ಹತ್ತಿಯಷ್ಟು ಬೆಳ್ಳಗಿದ್ದವು, ಲವಂಗದ ವಾಸನೆ ಬೇರೆ. ಅಳೆದದ್ದೆಲ್ಲ ಅಡ್ಡಾದಿಡ್ಡಿ ಬಂದಾಗ ಹೋಗಿ ಕೇಳಿದೆವು. "ಬ್ರಾಂಬ್ರ ಹುಡುಗ ಹಸೀ ಎಲುವು ಹ್ಯಾಂಗ ಮುಟ್ತಾನ ಬೇಟಾ? ಪಾಪ ಅಂತ ಛಲೋತ್ನ್ಯಾಗ ಕುದಿಸಿ ಕೊಟ್ಟೀನಿ" ಎಂದರು. ಕುದಿಸಿದ ಎಲುಬಿಗೆ ಹಸಿ ಎಲುಬಿನ ಬಲ ಇರುವುದಿಲ್ಲ. ನಮ್ಮ ಗೈಡ್ ಪೂನಮ್ ಮೇಡಂ ಅಷ್ಟೂ ಲೆಕ್ಕವನ್ನು ಕಸದ ಬುಟ್ಟಿಗೆ ಹಾಕಿದರು. ಮಡಿಯಿಂದ ವಿಜ್ಞಾನಕ್ಕಾದ ನಷ್ಟವನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ಆಮೇಲೆ ಹಸಿ ಎಲುಬೇ ಬಂತು. ಬೆನ್ನಿನ ಒಂದು ಮಣಿಯನ್ನು ಕೊಯ್ದು ನೋಡಿ ಬಾಯಿ ತೆರೆದೆ. ಎಲುಬೆಂದರೆ ಕಲ್ಲಿನಂಥ ಗಟ್ಟಿ ಎಂದುಕೊಂಡಿದ್ದೆ. ಒಳಗೆಲ್ಲ ಬರೀ ತೂತು! ಈಗ ನನ್ನ ಕಿಟಕಿಯ ಕೆಳಗೆ ಗಣಪತಿಯ ಪೆಂಡಾಲು ಕಟ್ಟುತ್ತಿದ್ದಾರಲ್ಲ, ಥೇಟ್ ಹಾಗೆ. ನೆಟ್ಟಗೆ ನಿಂತ ಸಣ್ಣ ಸಣ್ಣ ಕಂಬ, ಅವನ್ನು ಹಿಡಿದ ಅಡ್ಡಕಡ್ಡಿ. ಒಂದು ತುಂಡನ್ನು ನಿಂತ ಹಾಗೇ ಒತ್ತಿದೆವು, ಯಂತ್ರಕ್ಕೆ ಸಾಕುಸಾಕಾಯಿತು. ಅದರ ಪಕ್ಕದ್ದೇ ತುಂಡನ್ನು ಮಗ್ಗುಲಾಗಿಸಿ ಒತ್ತಿದರೆ ಸಂಡಿಗೆಯಂತೆ ಪುಡಿಯಾಯಿತು. ಅದೇ ಕುರಿ, ಅದೇ ಮಣಿ. ಎಲುಬು ಎಷ್ಟಿದೆ ಎಂಬುದರಷ್ಟೇ, ಅದನ್ನು ಹೇಗೆ ಕಟ್ಟಿದೆ ಎಂಬುದೂ ಮುಖ್ಯವಂತೆ.

ಇಲ್ಲಿಗೆ ಸುಮ್ಮನಿದ್ದರೆ ನಾನು ಕೇದಾರನೇ ಅಲ್ಲ. ಊದಿನಕಡ್ಡಿಗಳಿಂದ ಅಂಥದ್ದೇ ಒಂದು ಮಾದರಿ ಕಟ್ಟಿ, ಮೇಲೆ ಅರಫಾತನ ದಪ್ಪ ಪುಸ್ತಕ ಇಟ್ಟು, ಅವನನ್ನು ಕಾಡಲೆಂದು ಅಡ್ಡಕಡ್ಡಿ ಒಂದೊಂದಾಗಿ ಎಳೆಯತೊಡಗಿದೆ. "ಬಿಡಲೇ, ನನ್ನ ಪುಸ್ತಕ ಬೀಳ್ತೈತಿ!" ಅಂದ. "ಕಂಬ ಒಂದೂ ಮುಟ್ಟಿಲ್ಲಪಾ, ಹ್ಯಾಂಗ ಬೀಳ್ತದ?" ಅಂದೆ. ಅನ್ನುತ್ತಿರುವಾಗಲೇ ಎಲ್ಲ ಕಂಬಗಳೂ ಒಮ್ಮೆಗೇ ಬಾಗಿ ಕುಸಿದುಬಿದ್ದವು. ತೆಗೆದದ್ದು ನಾಲ್ಕೇ ನಾಲ್ಕು ಕಡ್ಡಿ. ತೂಕ ಕಡಿಮೆಯಾದದ್ದು ಇಷ್ಟೇ ಇಷ್ಟು.

ಹಿಂದೆ ಪೂನಮ್ ಮೇಡಂ ನಿಂತಿದ್ದರು. ಬೈಯಲಿಲ್ಲ. "ವಯಸ್ಸಾದ ಹೆಣ್ಮಕ್ಕಳ ಬೆನ್ನಾಗ ಹಿಂಗ ಆಗ್ತೈತಿ ನೋಡ್ರಿ" ಅಂದರು. "ಅಡ್ಡಕಡ್ಡಿ ಮೊದಲು ಕರಗ್ತಾವು. ಹಿಡಿಯೋರಿಲ್ಲದ ಕಂಬ ಬಾಗ್ತಾವು. ಬಿದ್ದೇ ಮುರೀಬೇಕು ಅಂತಿಲ್ಲ, ಒಂದು ಕೊಡ ನೀರು ಎತ್ತಿದ್ರ ಸಾಕು, ಮಣಿ ಕುಸೀತೈತಿ. ಬೆನ್ನು ಹಿಡಕೊಂಡೈತಿ ಅಂತ ಎಣ್ಣಿ ತಿಕ್ಕೋತ ಕುಂದರ್ತಾರ. ಎತ್ತರದಾಗ ಗಿಡ್ಡ ಆಗ್ಕೋತ ಬರ್ತಾರ, ಮನಿಯವರಿಗೆ ಗೊತ್ತ ಆಗಂಗಿಲ್ಲ."

ಅಜ್ಜಿ, ನನ್ನ ಕೈಯಲ್ಲಿದ್ದ ಕಡ್ಡಿ ಕೈಯಲ್ಲೇ ಉಳಿಯಿತು. "ಯಾಕಲೇ, ನಗವಲ್ಲಿ?" ಅಂತ ಅರಫಾತನೇ ಗಾಬರಿಯಾದ.

ಅಲ್ಲಿಂದಲೇ ತಮಗೆ ಫೋನು ಮಾಡಿದ್ದೆ, ನೆನಪಿರಬಹುದು. ಸತ್ತೂರಿನ ಆಸ್ಪತ್ರೆಗೆ ಹೋಗಿ ಬೆನ್ನು ತೋರಿಸೋಣ ಎಂದೆ. ತಾವು ಏನೆಂದಿರಿ? "ಏ ಕೇದಾರ್ಯಾ, ಸಾಕುಮಾಡೋ ನಿನ್ನ ಹುಡುಗಾಟ! ನನ್ನ ಬೆನ್ನಿಗೆ ಏನೂ ಆಗಿಲ್ಲ. ಆಗಿದ್ದೆಲ್ಲಾ ನೀ ಮಾಡಿದ್ದ. ತಾಳದ ಮೊಳಿ ಮ್ಯಾಲೆ ಏರಿಸಿದವ ಯಾರು? ತುದಿಗಾಲ ಮ್ಯಾಲೆ ನಿಂತು ನಿಂತು ಬೆನ್ನು ಹಿಡಕೊಂಡದ. ಅದನ್ನ ಕೆಳಗ ಇಳಿಸು, ಎಲ್ಲಾ ನೆಟ್ಟಗಾಗ್ತದ." ಫೋನು ಇಟ್ಟೇಬಿಟ್ಟಿರಿ.

ಹೌದು. ದೇವರ ಮನೆಯ ಬಾಗಿಲ ಪಕ್ಕ ಭಜನೆಯ ತಾಳ ತೂಗುಹಾಕುವ ಆ ಮೊಳೆಯನ್ನು ಏರಿಸಿದ ಕೀರ್ತಿಯನ್ನು ಯುಗಾದಿಯ ದಿನ ಇಡೀ ಭಜನಾ ಮಂಡಳದೆದುರು ತಲೆಬಾಗಿ ಒಪ್ಪಿಕೊಂಡವನು ನಾನೇ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಪ್ರಾಯಶ್ಚಿತ್ತವೆಂದು ಸ್ಟೂಲನ್ನೂ ತಂದುಕೊಟ್ಟೆ.

ನಾನು ಬಾಯಿಬಿಟ್ಟು ಹೇಳಿದ್ದೆಲ್ಲ ನಿಮಗೆ ಚೇಷ್ಟೆಯಾಗಿಯೇ ಕೇಳಿಸುತ್ತದೆ. ತಪ್ಪು ನಿಮ್ಮದಲ್ಲ, ಅಷ್ಟು ಶ್ರಮಪಟ್ಟು ಗಳಿಸಿದ ಹೆಸರು. ಅದಕ್ಕೇ ಈ ಕಾಗದ. ಸನ್ನಿಧಾನದಲ್ಲಿ ಮೂರು ಬಿನ್ನಹ. ನಾಡಿದ್ದು ಶ್ರಾವಣ ಶುಕ್ರವಾರದ ಭಜನೆಗೆ ಎಷ್ಟೇ ಮಂದಿ ಬರಲಿ, ನೀರಿನ ತಾಮ್ರದ ಕೊಡವನ್ನು ತಾವು ಎತ್ತಕೂಡದು. ಈ ಕಾಗದ ತಂದ ಅರಫಾತನ ಕೈಯಲ್ಲಿ ಆ ಸ್ಟೂಲನ್ನು ಕೊಟ್ಟು ಕಳಿಸಬೇಕು. ಅವನು ಹುಬ್ಬಳ್ಳಿಯವರೆಗೆ ಬಸ್ಸಿನಲ್ಲಿ ಅದರ ಮೇಲೇ ಕೂತು ಬರುತ್ತಾನಂತೆ, ಸೀಟಿನ ಚಿಂತೆಯಿಲ್ಲ. ಶನಿವಾರ ನಾನು ಬರುತ್ತೇನೆ, ಇಬ್ಬರೂ ಸತ್ತೂರಿಗೆ ಹೋಗೋಣ. ಬರುವಾಗ ಫೇಡೆ ಕೊಡಿಸುತ್ತೇನೆ.

ಕಾಗುಣಿತ ತಪ್ಪಿದ್ದಲ್ಲಿ ಕೆಂಪು ಶಾಯಿ ಹಚ್ಚಿ, ನನ್ನ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಬೇಕು.

ತಮ್ಮ ಆಜ್ಞಾಧಾರಕ, ಅಪಕೀರ್ತಿವಂತ ಮೊಮ್ಮಗ,
ಕೇದಾರ

ತಾ.ಕ.: ಶನಿವಾರ ನೀನು ಬರದೇ ಇದ್ದರೆ ಎಂಬ ಭಯಕ್ಕೆ ಇದನ್ನೂ ಬರೆಯುತ್ತಿದ್ದೇನೆ. ಯುಗಾದಿಯ ದಿನ ಎಲ್ಲರೂ ನಗುತ್ತಾರೆಂದು ಹೂಂ ಅಂದುಬಿಟ್ಟೆ ಅಜ್ಜಿ, ಆ ಮೊಳೆಯನ್ನು ನಾನು ಮುಟ್ಟಿಯೇ ಇಲ್ಲ. ನಿನ್ನ ಕೈಗೆ ಎಟಕುವಂತೆ ಅಳತೆ ನೋಡಿ ಅಜ್ಜ ಎಲ್ಲಿ ಹೊಡೆದಿದ್ದರೋ, ಅಲ್ಲೇ ಇದೆ.