ಏಳು ಸೆಕೆಂಡಿನ ಐದನೇ ಪಂದ್ಯ

ಬ್ರೆನರ್ ಫಾಲ್ಸ್, ನೆಬ್ರಾಸ್ಕಾ
ಮಂಗಳವಾರ, 19 ನವೆಂಬರ್ 2019

ಊರೆಲ್ಲ ಹೊಗಳುತ್ತಿರುವ ಡೆಲ್ಮರ್‌ಗೆ, ಹೊಗಳದೆ ಉಳಿದ ಒಬ್ಬಳ ನಮಸ್ಕಾರ.

ನಿನ್ನ ಕಾಗದ ನಿನ್ನೆ ಆಫೀಸಿನಲ್ಲಿ ನನ್ನ ಮೇಜಿನ ಮೇಲಿತ್ತು. ಆಗಸ್ಟ್‌ನಲ್ಲಿ ನೀನು ಮನೆ ಬಿಟ್ಟಾಗ, ಇನ್ನು ಏನಿದ್ದರೂ ಬರೆದು ತಿಳಿಸು, ನಿನ್ನ ದನಿ ಕೇಳುವ ಶಕ್ತಿ ನನಗಿಲ್ಲ ಎಂದು ನಾನೇ ಹೇಳಿದ್ದೆ. ಮೂರು ತಿಂಗಳಿಗೆ ಇದು ಮೊದಲನೆಯ ಕಾಗದ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಹೆಂಡತಿಗೆ ನಾಲ್ಕು ಸಾಲು! ಅದರಲ್ಲೂ ಮೂರು ಸಾಲು ಚಳಿಯ ವಿಷಯ. ಕೊನೆಯದು ಮಾತ್ರ ಅಸಲು ವಿಷಯ: "ಶನಿವಾರದ ಪಟ್ಟಿಯಲ್ಲಿ ರೂಬೆನ್ ಹೆಸರು ಬಿಟ್ಬಿಡು ವರ್ಲೀನ್. ಏಳು ಸೆಕೆಂಡು ಅಷ್ಟೇ, ಯಾರು ನೋಡಿರ್ತಾರೆ?"

ಯಾರು ನೋಡಿರುತ್ತಾರೆಯೇ? ಏಳು ಸಾವಿರ ಜನ ನೋಡಿದ್ದಾರೆ. ಎದ್ದು ನಿಂತು ನೋಡಿದ್ದಾರೆ. ನೋಡಲಿ ಎಂದೇ ನೀನು ಮಾಡಿದ್ದು.

ಕಾಲೇಜಿನ ಫುಟ್‌ಬಾಲ್ ಕೋಚ್ ಆಗಿ ಈ ಸಲದ ನಿನ್ನ ಸಾಧನೆ ನನಗೆ ಪಟ್ಟಿ ನೋಡದೆಯೂ ನೆನಪಿದೆ. ಜುಲೈನಲ್ಲಿ ದಾನಿಗಳ ಬೆಳಗಿನ ಉಪಾಹಾರದಲ್ಲಿ ಎದೆಯುಬ್ಬಿಸಿ, "ಈ ವರ್ಷ ಎಂಟು ಗೆಲ್ತೀವಿ, ಬರೆದಿಟ್ಕೊಳ್ಳಿ" ಎಂದೆ. ಹತ್ತು ಪಂದ್ಯ ಮುಗಿದವು, ಗೆದ್ದದ್ದು ಎರಡು. ಅದರಲ್ಲೊಂದು, ಅರ್ಧ ಹುಡುಗರು ಜ್ವರ ಬಂದು ಮಲಗಿದ್ದ ತಂಡದ ಮೇಲೆ. ಟ್ರ್ಯಾಕ್ಟರ್ ಅಂಗಡಿಯ ಪೀಡರ್ಸನ್ ನಾಲ್ಕು ಜನರ ಮುಂದೆ, "ಡೆಲ್, ನಿನ್ನ ಹುಡುಗ್ರು ಓಡೋದು ನೋಡಿದ್ರೆ ನಮ್ಮ ಶೆಡ್ಡಲ್ಲಿ ತುಕ್ಕು ಹಿಡೀತಿರೋ ಗಾಡೀನೇ ವಾಸಿ ಕಣಯ್ಯಾ" ಎಂದಾಗ ನೀನೂ ಹಲ್ಲು ಕಿರಿದೆ. ಸೋತಾಗಲೆಲ್ಲ ಪತ್ರಿಕೆಯವರಿಗೆ ಅದೇ ಉತ್ತರ: ಹುಡುಗರು ಜೀವ ಕೊಟ್ಟು ಆಡಿದರು. ಇಡೀ ತಂಡಕ್ಕೆ 'ಒಂದೇ ಕುಟುಂಬ' ಎಂದು ಎದೆಯ ಮೇಲೆ ಅಚ್ಚು ಹಾಕಿಸಿದ ಅಂಗಿ ಹಂಚಿದ್ದು ನೀನು ಮನೆ ಬಿಟ್ಟ ವಾರವೇ. ಒಂದು ಅಂಗಿ ನನಗೂ ಕಳಿಸಿದ್ದೆ. ಅದರಲ್ಲಿ ಈಗ ಒಲೆ ಒರೆಸುತ್ತೇನೆ.

ಸೋಲಿನ ಬಗ್ಗೆ ನನಗೇನೂ ಸಿಟ್ಟಿಲ್ಲ. ಸೋಲುವವರು ಲೋಕದ ತುಂಬ ಇದ್ದಾರೆ. ರೂಬೆನ್‌ನ ವಿಷಯಕ್ಕೆ ಬರುತ್ತೇನೆ. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ಗೊತ್ತಿದ್ದೂ ಮರೆಯುವುದು ನಿನ್ನ ಹಳೆಯ ಅಭ್ಯಾಸವಾದ್ದರಿಂದ ಬರೆಯುವುದೇ ಒಳ್ಳೆಯದು. ಒಬ್ಬ ಹುಡುಗನಿಗೆ ಕಾಲೇಜಿನಲ್ಲಿ ಆಡಲು ಸಿಗುವುದು ನಾಲ್ಕು ವರ್ಷ. ಯಾವುದಾದರೂ ಒಂದು ವರ್ಷ ನಾಲ್ಕೇ ಪಂದ್ಯ ಆಡಿ ನಿಲ್ಲಿಸಿದರೆ ಆ ವರ್ಷ ಲೆಕ್ಕಕ್ಕಿಲ್ಲ, ಅದು ಅವನಿಗೆ ವಾಪಸ್ ಸಿಗುತ್ತದೆ. ಐದನೇ ಪಂದ್ಯಕ್ಕೆ ಕಾಲಿಟ್ಟನೋ, ವರ್ಷ ಹೋಯಿತು. ಒಂದು ಸಲ ಇಳಿದರೂ ಅಷ್ಟೇ, ಇಡೀ ಪಂದ್ಯ ಆಡಿದರೂ ಅಷ್ಟೇ. ಯಾರು ಯಾವಾಗ ಇಳಿದರು ಎಂದು ಬರೆದಿಡುವುದಕ್ಕೇ ಈ ಕಾಲೇಜು ಹದಿನಾಲ್ಕು ವರ್ಷದಿಂದ ನನ್ನನ್ನು ಇಟ್ಟುಕೊಂಡಿದೆ.

ರೂಬೆನ್ ಅಕ್ಟೋಬರ್‌ನಲ್ಲಿ ಭುಜಕ್ಕೆ ಪಟ್ಟಿ ಕಟ್ಟಿಕೊಂಡು ನನ್ನ ಆಫೀಸಿಗೆ ಬಂದಿದ್ದ. "ಮೇಡಂ, ನಂದು ಎಷ್ಟಾಯ್ತು?" ಎಂದ. ನಾಲ್ಕು ಎಂದೆ. "ನಾಲ್ಕನೇದ್ರಲ್ಲಿ ನಾನೇನು ಆಡಿದೆ ಮೇಡಂ? ಇಳಿದೆ, ಬಿದ್ದೆ, ಎತ್ಕೊಂಡು ಹೋದ್ರು" ಎಂದ. "ಬಿದ್ದಿದ್ದೂ ಲೆಕ್ಕಕ್ಕೆ ಬರುತ್ತೆ ಕಣಪ್ಪಾ. ಇನ್ನು ಈ ವರ್ಷ ನೀರು ಕೊಡೋಕೂ ಗೆರೆ ದಾಟ್ಬೇಡ" ಎಂದೆ. ನಕ್ಕ. ಇದು ಅವನ ನಾಲ್ಕನೇ ವರ್ಷ, ಅವನಿಗೆ ಇನ್ನೊಂದು ವರ್ಷ ಬೇಕೇ ಬೇಕಿತ್ತು. ಆಟ ಪ್ರತಿ ವರ್ಷವೂ ಅವನ ಆಗಸ್ಟ್‌ನಿಂದ ನವೆಂಬರ್‌ವರೆಗಿನ ದಿನಗಳನ್ನು ತಿಂದುಹಾಕಿ, ಮೇಷ್ಟ್ರಾಗಲು ಶಾಲೆಯಲ್ಲಿ ಪಾಠ ಮಾಡಬೇಕಾದ ಆರು ತಿಂಗಳು ಹಾಗೇ ಬಾಕಿ ಉಳಿದಿದೆ. ತಂಡದಲ್ಲಿದ್ದರೆ ಮಾತ್ರ ವಿದ್ಯಾರ್ಥಿವೇತನ. ಅವನ ತಾಯಿ ಒಫೀಲಿಯಾ ಮಾಂಸದ ಕಾರ್ಖಾನೆಯಲ್ಲಿ ದಿನವಿಡೀ ನಿಂತು ಎಲುಬು ಬಿಡಿಸುವವಳು. ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಇವನೊಬ್ಬನೇ.

ಇನ್ನು ಶನಿವಾರ. ಊರಿನ ಮೈದಾನದಲ್ಲಿ ವರ್ಷದ ಕೊನೆಯ ಪಂದ್ಯ. ಕೊನೆಯ ವರ್ಷದ ಹುಡುಗರು ತಂದೆತಾಯಿಯ ಕೈ ಹಿಡಿದು ಮೈದಾನದ ನಡುವಿಗೆ ನಡೆದು ಬಂದರು, ತಾಯಂದಿರಿಗೆ ಹೂವು ಕೊಟ್ಟರು. ಇಲ್ಲಿಯವರೆಗೆ ನನ್ನ ತಕರಾರಿಲ್ಲ. ಮೈದಾನದಲ್ಲಿ ನಡೆದರೆ ಯಾರ ವರ್ಷವೂ ಹೋಗುವುದಿಲ್ಲ. ಒಫೀಲಿಯಾ ಪಾಳಿ ಬದಲಿಸಿಕೊಂಡು ಬಂದಿದ್ದಳು. ಆ ಹೂಗುಚ್ಛವನ್ನು ಕೊನೆಯವರೆಗೂ ಮಡಿಲಿನಿಂದ ಕೆಳಗಿಡಲಿಲ್ಲ.

ಆಮೇಲೆ, ಗಾಯವಾದ ಹುಡುಗನಿಗೆ ಒಂದು ಸಲ ಚೆಂಡು ಮುಟ್ಟಿಸುವ ನಿನ್ನ ನಾಟಕ. ಸೀಟಿ ಊದಿದ ಕೂಡಲೇ 84ನೇ ನಂಬರಿನ ರೂಬೆನ್ ಹೆಲ್ಮೆಟ್ ಹಾಕಿಕೊಂಡು ಒಳಗೆ ಬಂದ. ಎದುರಾಳಿ ಹುಡುಗರು ಕೈಕಟ್ಟಿ ನಿಂತರು. ನಮ್ಮ ಹುಡುಗರು ಎರಡು ಅಡಿ ದೂರದಿಂದ, ಎಳೆ ಮಗುವಿಗೆ ಕೊಡುವ ಹಾಗೆ ಅವನಿಗೆ ಚೆಂಡು ಕೊಟ್ಟರು. ಅವನು ಹಿಡಿದು ಮೊಣಕಾಲೂರಿದ, ಏಳು ಸೆಕೆಂಡಿಗೆ ಅವನ ಆಟ ಮುಗಿಯಿತು. ಬ್ಯಾಂಡ್ ಬಾರಿಸಿತು. ಪೀಡರ್ಸನ್ ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ನೀನು ರೂಬೆನ್‌ನನ್ನು ತಬ್ಬಿಕೊಂಡೆ, ಕ್ಯಾಮರಾ ಇದ್ದ ಕಡೆಗೆ ಮುಖ ಮಾಡಿ. ನಾನು ಮೇಲೆ ಗಾಜಿನ ಕೋಣೆಯಲ್ಲಿ ಕೂತಿದ್ದೆ. ಪಟ್ಟಿಯಲ್ಲಿ 84 ಎಂದು ಬರೆದೆ.

ಎದುರಾಳಿ ಕೋಚ್‌ಗೆ ಮೊದಲೇ ಹೇಳಿಡಲು ನಿನಗೆ ಪುರುಸೊತ್ತಿತ್ತು. ಬ್ಯಾಂಡಿನವರಿಗೆ ಹೇಳಲು ಪುರುಸೊತ್ತಿತ್ತು. ಫೋಟೋದವನನ್ನು ಯಾವ ಮೂಲೆಯಲ್ಲಿ ನಿಲ್ಲಿಸಬೇಕೆಂದು ಯೋಚಿಸಲೂ ಪುರುಸೊತ್ತಿತ್ತು. ನನ್ನನ್ನು ಒಂದು ಮಾತು ಕೇಳಲು ಮಾತ್ರ ಇರಲಿಲ್ಲ. ಆ ಹುಡುಗ ನಿನಗಿಂತ ಬುದ್ಧಿವಂತ, ಗೆರೆಯ ಹತ್ತಿರ ನಿಂತು, "ಕೋಚ್, ಮೇಡಂನ ಕೇಳಿದ್ರಾ?" ಎಂದು ಕೇಳಿದನಂತೆ. ನೀನೇನು ಹೇಳಿದೆ? "ಕೇಳಿದೀನಿ ಕಣೋ, ಆಗುತ್ತಂತೆ. ನಿಮ್ಮಮ್ಮ ನೋಡ್ತಾ ಕೂತಿದಾರೆ, ನಡಿ ನಡಿ." ಅವನ ಅಮ್ಮನನ್ನು ಮುಂದೆ ಮಾಡಿ ಅವನ ವರ್ಷ ನುಂಗಿದೆ. ಇಷ್ಟು ಮಾಡಿಯೂ ಪಂದ್ಯ ಸೋತೆ, ಅದನ್ನಂತೂ ಬರೆಯುವುದೇ ಬೇಡ.

ನಿನ್ನೆ ರೂಬೆನ್ ಬಂದಿದ್ದ. ಕೈಯಲ್ಲಿ ಪತ್ರಿಕೆ, 'ದೊಡ್ಡ ಮನಸ್ಸಿನ ಕೋಚ್' ಎಂದು ನಿನ್ನ ಫೋಟೋ. ಅವನ ತಾಯಿ ಐದು ಪ್ರತಿ ಕೊಂಡಿದ್ದಾಳಂತೆ. "ಹಂಗಾದ್ರೆ ಐದಾಯ್ತಾ ಮೇಡಂ?" ಎಂದ. ಹೌದು ಎಂದೆ. "ನಿಮ್ಮನ್ನ ಕೇಳಿದೀನಿ ಅಂದ್ರಲ್ಲ ಅವ್ರು?" ಎಂದ. "ನನ್ನನ್ನು ಯಾರೂ ಏನೂ ಕೇಳಲಿಲ್ಲ" ಎಂದೆ. ಅವನು ನಿನ್ನನ್ನು ಒಂದು ಮಾತೂ ಬೈಯಲಿಲ್ಲ. "ಅಮ್ಮಂಗೆ ಈಗ್ಲೇ ಗೊತ್ತಾಗೋದು ಬೇಡ" ಎಂದಷ್ಟೇ ಹೇಳಿ ಹೋದ.

ಈಗ ನನಗೆ ಕಳ್ಳಲೆಕ್ಕ ಬರೆಯಲು ಹೇಳುತ್ತೀಯ. ಸಿಕ್ಕಿಬಿದ್ದರೆ ಶಿಕ್ಷೆ ರೂಬೆನ್‌ಗೆ ಎನ್ನುವುದೂ ನಿನ್ನ ತಲೆಗೆ ಹೋಗಿಲ್ಲ. ಪಟ್ಟಿ ಶುಕ್ರವಾರ ಕಾಲೇಜು ಕ್ರೀಡಾ ಸಂಘದ ಆಫೀಸಿಗೆ ಹೋಗುತ್ತದೆ, 84 ಅದರಲ್ಲಿ ಇರುತ್ತದೆ. ನಿನ್ನ ಜೊತೆ ಯಾಕೆ ಬದುಕಲಾಗಲಿಲ್ಲ ಎಂದು ನನ್ನ ತಂಗಿ ಕೇಳುತ್ತಿರುತ್ತಾಳೆ. ನಿನಗೆ ಮನೆಯಲ್ಲೂ ಚಪ್ಪಾಳೆ ಬೇಕಿತ್ತು ಡೆಲ್ಮರ್, ಪಾತ್ರೆ ತೊಳೆದಿಟ್ಟರೂ ಬೇಕಿತ್ತು. ತಟ್ಟಿ ತಟ್ಟಿ ನನಗೆ ಸಾಕಾಯಿತು. ಆದರೂ ನಿನ್ನನ್ನು ಇಷ್ಟು ಕೀಳಾಗಿ ಕಾಣುವ ದಿನ ಬರುತ್ತದೆಂದು ನಾನು ಎಣಿಸಿರಲಿಲ್ಲ.

ವಿಚ್ಛೇದನದ ಕಾಗದಪತ್ರ ಮುಗಿಯುವವರೆಗೆ ಮಾತ್ರ ನಿನ್ನ ಹೆಂಡತಿ,
ವರ್ಲೀನ್

ತಾ.ಕ. (ಗುರುವಾರ) ಈ ಪತ್ರ ಎರಡು ದಿನ ಮೇಜಿನ ಮೇಲೇ ಬಿದ್ದಿತ್ತು, ಇವತ್ತು ನಾನೇ ನಿನ್ನ ಆಫೀಸಿನ ಬಾಗಿಲಡಿ ತಳ್ಳಿ ಹೋಗುತ್ತೇನೆ. ಇದರಲ್ಲಿ ಒಂದು ಸುಳ್ಳಿದೆ. ಹೊಡೆದುಹಾಕಿಲ್ಲ, ನಾನು ಎಂಥವಳೆಂದು ನೀನೂ ಓದು.

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ನೀನು ಮೂರು ಸಲ ಫೋನ್ ಮಾಡಿದೆ. ನಿನ್ನ ಹೆಸರು ನೋಡಿ ಫೋನನ್ನು ಬೋರಲು ಹಾಕಿ ಈರುಳ್ಳಿ ಹೆಚ್ಚುತ್ತ ನಿಂತೆ. ನಿಜ ಹೇಳಬೇಕೆಂದರೆ, ಅದು ಬಡಿದುಕೊಳ್ಳುವಾಗ ಖುಷಿಯಾಗುತ್ತಿತ್ತು. ನೀನು ಬಿಟ್ಟಿದ್ದ ಸಂದೇಶವನ್ನು ಭಾನುವಾರ ಕೇಳಿದೆ: "ವರ್ಲೀನ್, ಸಿಟ್ಟು ಆಮೇಲೆ ಮಾಡ್ಕೋ. ರೂಬೆನ್‌ದು ಮೂರಾ, ನಾಲ್ಕಾ? ಒಂದೇ ಸಲ ಇಳಿಸ್ಬೇಕು ಅಂತಿದೀನಿ. ಆಗಲ್ಲ ಅಂದ್ರೆ ಒಂದು ಮಾತು ಹೇಳು, ಬಿಟ್ಬಿಡ್ತೀನಿ." ಅದನ್ನು ಕೇಳಿದ ಮೇಲೇ ಸೋಮವಾರ ಆ ಹುಡುಗನ ಮುಖ ನೋಡಿಕೊಂಡು, ಯಾರೂ ಕೇಳಲಿಲ್ಲ ಎಂದೆ. ನಿನ್ನ ನಾಲ್ಕು ಸಾಲಿನಲ್ಲಿ ಆ ಫೋನಿನ ಮಾತೇ ಇಲ್ಲ. ಅದು ನಿನ್ನ ಒಳ್ಳೆಯತನವೋ ಲೆಕ್ಕಾಚಾರವೋ, ಇಷ್ಟು ವರ್ಷವಾದರೂ ನನಗೆ ಗುರುತು ಹತ್ತುವುದಿಲ್ಲ.

ಆಟಗಾರನ ತಪ್ಪಿಲ್ಲದೆ ಕಾಲೇಜಿನವರೇ ಅವನ ದಾರಿ ತಪ್ಪಿಸಿದ್ದರೆ, ಸಂಘ ವರ್ಷವನ್ನು ವಾಪಸ್ ಕೊಡುವ ಸಾಧ್ಯತೆ ಇದೆ. ಅದಕ್ಕೆ ತಪ್ಪು ಮಾಡಿದವರು ಬರೆದುಕೊಡಬೇಕು. ಜೊತೆಗಿರುವ ಹಾಳೆಯ ಮೇಲರ್ಧದಲ್ಲಿ, ಕೋಚ್ ಕೇಳಿದಾಗ ನಾನು ಬೇಕೆಂದೇ ಉತ್ತರ ಕೊಡಲಿಲ್ಲ ಎಂದು ಬರೆದು ಸಹಿ ಹಾಕಿದ್ದೇನೆ. ನನ್ನ ಕೆಲಸ ಹೋಗಬಹುದು. ಕೆಳಗರ್ಧದಲ್ಲಿ, ಉತ್ತರ ಸಿಗದಿದ್ದರೂ ಸಿಕ್ಕಿತೆಂದು ಹುಡುಗನಿಗೆ ಸುಳ್ಳು ಹೇಳಿದೆ ಎಂದಿದೆ. ಅಲ್ಲಿ ನಿನ್ನ ಸಹಿ ಬೇಕು. ಪತ್ರಿಕೆಯವರ ದೊಡ್ಡ ಮನಸ್ಸು ಅಲ್ಲಿಗೆ ಮುಗಿಯುತ್ತದೆ.

ರೂಬೆನ್‌ಗೆ ನಿನ್ನೆ ಎಲ್ಲ ಹೇಳಿದೆ. "ನೀವಿಬ್ರೂ ಮಾತು ಬಿಟ್ಟಿದ್ದಕ್ಕೆ ನನ್ನ ವರ್ಷ ಹೋಯ್ತಾ ಮೇಡಂ?" ಎಂದ. ಹೌದು ಎಂದೆ. ಆ ಹೌದನ್ನು ನಿನ್ನ ಪರವಾಗಿಯೂ ಹೇಳಿಬಿಟ್ಟಿದ್ದೇನೆ, ನಾಳೆ ಐದು ಗಂಟೆಯೊಳಗೆ ಸಹಿ ಹಾಕು.