ಒಲೆಯ ಬೆನ್ನಿಗೆ ಮೂರು ಬಡಿತ

ಹ್ಯಾಲಿಫ್ಯಾಕ್ಸ್, ಭಾನುವಾರ ಮಧ್ಯಾಹ್ನ

ಗೋಡೆಯಾಚೆಯ ಎಡ್ವಿನ್‌ಗೆ,

ಕ್ರಿಸ್‌ಮಸ್‌ಗೆ ನೀನು ಬಂದಿದ್ದಾಗ ನನ್ನಪ್ಪ ನಿನ್ನನ್ನು ಕರೆದಿದ್ದ. ಒಂದು ಸಲವಲ್ಲ, ನಾಲ್ಕು ದಿನ. ಅದು ನಿನಗೆ ಕೇಳಿಸದ ಹಾಗೆ ಮಾಡಿದವನು ನಾನು. ಇದನ್ನು ಮೊದಲೇ ಬರೆದುಬಿಟ್ಟೆ. ಇಲ್ಲದಿದ್ದರೆ ಮಳೆ, ಫುಟ್‌ಬಾಲ್ ಅಂತ ಪುಟ ತುಂಬಿಸಿ ಲಕೋಟೆ ಅಂಟಿಸಿಬಿಡುತ್ತಿದ್ದೆ.

ನಮ್ಮ ಸಾಲಿನ ಇಪ್ಪತ್ತೆರಡು ಮನೆಗಳೂ ಒಂದಕ್ಕೊಂದು ಅಂಟಿಕೊಂಡೇ ಹುಟ್ಟಿದವು. ಅದರಲ್ಲೂ ನಮ್ಮದು, ನಿಮ್ಮದು ಕನ್ನಡಿ ಹಿಡಿದ ಹಾಗೆ. ನಮ್ಮ ಮೆಟ್ಟಿಲು ಎಡಕ್ಕೆ, ನಿಮ್ಮದು ಬಲಕ್ಕೆ. ಚಳಿ ಕಾಯಿಸುವ ಎರಡೂ ಒಲೆಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ, ನಡುವೆ ಒಂದು ಗೇಣು ಗೋಡೆ. ಕೆಂಡ ಕೆದಕುವ ಸಲಾಕೆಯಿಂದ ಅಪ್ಪ ಮೂರು ಸಲ ಬಡಿದರೆ ಸಾಕು, ಶೂ ದಾರವನ್ನೂ ಕಟ್ಟದೆ ನೀನು ನಮ್ಮ ಬಾಗಿಲಲ್ಲಿರುತ್ತಿದ್ದೆ. ನನಗಾಗಿ ಅವನು ಎಂದೂ ಬಡಿಯಲಿಲ್ಲ. ಒಂದೇ ಮನೆಯಲ್ಲಿರುವವನಿಗೆ ಯಾರಾದರೂ ಬಡಿಯುತ್ತಾರೆಯೇ ಎನ್ನುತ್ತೀಯ. ನಿಜ. ಆದರೂ.

ನಲವತ್ತು ವರ್ಷ ಇಂಥ ಸಾಲುಮನೆಗಳನ್ನೇ ರಿಪೇರಿ ಮಾಡಿದ ಗಾರೆಯವನು ಅಪ್ಪ. ಕಿಟಕಿಗಳು ಮೇಲಿನ ಮಹಡಿಗೆ ಹೋದಂತೆ ಯಾಕೆ ಚಿಕ್ಕವಾಗುತ್ತವೆ ಎಂದು ನೀನು ಕೇಳಿದರೆ, ವಿವರಿಸುವಷ್ಟರಲ್ಲಿ ಅವನ ಚಹಾ ತಣ್ಣಗಾಗುತ್ತಿತ್ತು. ಊಟಕ್ಕೇನು ಎಂದು ನಾನು ಕೇಳುತ್ತಿದ್ದೆ. "ಅವನ ಹತ್ರ ಕಲ್ಲು ಮಾತಾಡುತ್ತೆ ಕಣೋ ಕ್ಲೆಮ್. ನಿನ್ನ ತಲೇಲಿ ಅದೇ ಕಲ್ಲು ಸುಮ್ನೆ ಕೂತಿದೆ" ಎಂದಿದ್ದ ಒಮ್ಮೆ. ನೀನು ನಕ್ಕೆ. ನಾನೂ ನಕ್ಕೆ. ಹದಿನಾರಕ್ಕೆ ಶಾಲೆ ಬಿಟ್ಟು ಅವನ ಹಿಂದೆ ಕರಣೆ ಹಿಡಿದು ಹೋದವನು ನಾನು. ಅವನು ರಾತ್ರಿ ಕೂತು ಅರ್ಜಿ ತುಂಬಿಸಿದ್ದು ನಿನ್ನ ಯಾರ್ಕ್ ಕಾಲೇಜಿಗೆ.

ಅಕ್ಟೋಬರಿನಲ್ಲಿ ನಿನ್ನಮ್ಮ, ಮೇವಿಸ್ ಆಂಟಿ, ಕರೆದರು. "ಕ್ಲೆಮ್, ಚಿಮಣಿಯಿಂದ ಗಾಳಿ ನುಗ್ಗಿ ನನ್ನ ಮೊಣಕಾಲು ಹಿಡ್ಕೊಂಡಿದೆ. ಆ ಒಲೆ ಮುಚ್ಚಿಬಿಡಪ್ಪಾ." ಒಲೆ ಮುಚ್ಚುವಾಗ ಗಾಳಿಯಾಡಲು ಒಂದು ಜಾಲರಿ ಬಿಡಬೇಕು, ಚಿಮಣಿಯೂ ಉಸಿರಾಡಬೇಕು, ಅಪ್ಪ ನನಗೆ ಕಲಿಸಿದ ಮೊದಲ ಪಾಠ. ನಾನು ಬಿಡಲಿಲ್ಲ. ಚಳಿ ತಡೆಯುವ ಉಣ್ಣೆಯನ್ನು ಗಿಡಿದು ತುಂಬಿ, ಹಲಗೆ ಹೊಡೆದು, ಮೇಲೆ ಗಾರೆ ಬಳಿದೆ. ಬಡಿತದ ಸದ್ದು ಅಲ್ಲೇ ಸಾಯುತ್ತದೆಂದು ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ನವೆಂಬರಿನಲ್ಲಿ ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಮಾತು ಹೋಯಿತು, ಕಾಲು ಹೋಯಿತು. ಬಲಗೈ ಉಳಿಯಿತು. ಕ್ರಿಸ್‌ಮಸ್‌ಗೆ ನೀನು ಬಾಗಿಲಲ್ಲಿ ನಿಂತು "ಅಂಕಲ್ ಹೇಗಿದ್ದಾರೆ? ಒಳಗೆ ಬರ್ಲಾ?" ಎಂದೆ. ನಾನು ಅಡ್ಡ ನಿಂತೆ. "ಸುಸ್ತಾಗಿದ್ದಾನೆ. ಬೇಕಾದಾಗ ಬಡೀತಾನೆ ಬಿಡು, ನಿಂಗೇನು ಗೊತ್ತಿಲ್ವಾ." ಅದರಲ್ಲಿ ಒಂದು ಪದವೂ ಸುಳ್ಳಲ್ಲ. ಅದಕ್ಕೇ ಅದು ಇನ್ನೂ ಹೊಲಸು. ನೀನು ಕಾದು ಕಾದು ಹೊರಟುಹೋದೆ. ಅಪ್ಪ ಬಡಿದು ಬಡಿದು, ನಾಲ್ಕನೆಯ ದಿನ ಸಲಾಕೆ ಕೆಳಗಿಟ್ಟ.

ಈ ವಾರ, ಜಾಲರಿಯಿಲ್ಲದೆ ಮುಚ್ಚಿದ ಆ ಒಲೆಯ ಮೇಲೆ, ನಿಮ್ಮ ಗೋಡೆಯಲ್ಲಿ ಕಂದು ತೇವ ಮೂಡಿತು. "ಇದೇ ಕೆಲ್ಸ ನಿಮ್ಮಪ್ಪ ಮಾಡಿದ್ರೆ ಹೀಗಾಗ್ತಿತ್ತೇನೋ?" ಎಂದರು ಮೇವಿಸ್ ಆಂಟಿ. ಇವತ್ತು ಬೆಳಗ್ಗೆ ಹಲಗೆ ಕಿತ್ತೆ, ಉಣ್ಣೆ ಎಳೆದು ಹಾಕಿದೆ. ಸದ್ದು ದಾಟುತ್ತದೆಯೇ ನೋಡೋಣವೆಂದು ನಿಮ್ಮ ಸಲಾಕೆಯಿಂದ ಮೂರು ಸಲ ಬಡಿದೆ.

ಆಚೆಯಿಂದ ಮೂರು ಬಂತು. ಉಸಿರಾಡುವಷ್ಟರಲ್ಲಿ ಮತ್ತೆ ಮೂರು. ಆಮೇಲೆ ಲೆಕ್ಕ ತಪ್ಪಿತು, ಬಡಿಯುತ್ತಲೇ ಇದ್ದ. ಆಂಟಿಯ ಕೈಯ ಚಹಾದ ಕೆಟಲು ಅಲ್ಲೇ ನಿಂತಿತು. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಆತುರವನ್ನು ಅವನು ನನಗೆ ತೋರಿಸಿಲ್ಲ, ಎಡ್ವಿನ್. ಮಸಿಯಲ್ಲಿ ಮಂಡಿಯೂರಿ ನಿನ್ನ ಪಾಲಿನದನ್ನು ನಾನು ಕೇಳಿಸಿಕೊಂಡೆ. ಆಗಲೂ ನಿನ್ನ ಮೇಲೆ ಹೊಟ್ಟೆ ಉರಿಯಿತು. ಮತ್ತೆ ಬಡಿಯಲಿಲ್ಲ; ಬಡಿದಿದ್ದರೆ ಅದು ಎರಡನೆಯ ಮೋಸವಾಗುತ್ತಿತ್ತು.

ಮನೆಗೆ ಬಂದು "ಬಡಿದದ್ದು ನಾನು, ಅಪ್ಪ" ಎಂದೆ. ಎಲ್ಲವನ್ನೂ ಹೇಳಿದೆ. ಅವನು ನನ್ನ ಮಸಿ ಕೈಯನ್ನು ನೋಡಿದ, ಆಮೇಲೆ ನನ್ನ ಹಿಂದಿನ ಬಾಗಿಲನ್ನು. ಸಲಾಕೆ ಈಗ ಅವನ ತೊಡೆಯ ಮೇಲಿದೆ, ಕೊಡು ಎಂದರೆ ಕೊಡುತ್ತಿಲ್ಲ.

ಶನಿವಾರದ ಮೊದಲ ರೈಲಿಗೆ ಬಾ. ಮೊದಲು ನಿಮ್ಮ ಮನೆಯಿಂದಲೇ ಬಡಿ. ಇಲ್ಲಿ ಬಾಗಿಲು ನಾನು ತೆಗೆಯುತ್ತೇನೆ.

ಬಡಿಯುವ ನಿನ್ನ ಕೈಗೆ ಒಳ್ಳೆಯದಾಗಲಿ. ಹೊಟ್ಟೆಕಿಚ್ಚಿಟ್ಟುಕೊಂಡೇ ಹಾರೈಸುತ್ತಿದ್ದೇನೆ, ಆದರೂ ಆಗಲಿ.

ಗೋಡೆಯ ಈಚೆಯ,
ಕ್ಲೆಮ್